ಡಿಬಿಎ ವಿಮೆ: ಎರಡು ಬೆರಳಿಗೆ ಎಷ್ಟು ವಾರ?

ಅಮೆರಿಕದ ಸೇನಾ ಕ್ಯಾಂಪ್‌ಗಳಲ್ಲಿ ಕಂಪನಿ ಕೆಲಸಕ್ಕೆ ಹೋಗುವವರಿಗೆ ಒಂದು ವಿಮೆ ಇದೆ. ಪೂರ್ತಿ ಹೆಸರು ಡಿಫೆನ್ಸ್ ಬೇಸ್ ಆಕ್ಟ್ ಇನ್ಶೂರೆನ್ಸ್, ಕ್ಯಾಂಪ್‌ನಲ್ಲಿ ಎಲ್ಲರೂ ಡಿಬಿಎ ಅಂತಾರೆ. ನಾನು ಅದರಲ್ಲಿ ಕ್ಲೇಮ್ ಹಾಕಿ ಮೂರು ವರ್ಷ ಅಲೆದು ಹಣ ತೆಗೆದುಕೊಂಡವನು. ಕುವೈತ್, ಇರಾಕ್, ಅಫ್ಘಾನಿಸ್ತಾನ ಅಂತ ಹೋದ ನಮ್ಮವರು ಎಷ್ಟೋ ಜನ ಇದ್ದಾರೆ. ಅವರಲ್ಲಿ ಮುಕ್ಕಾಲು ಜನಕ್ಕೆ ಇಂಥದ್ದೊಂದು ಇದೆ ಅನ್ನೋದೇ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

2012ರ ನವೆಂಬರ್. ಬಾಗ್ರಾಮ್, ಆಗ ಅಫ್ಘಾನಿಸ್ತಾನದಲ್ಲಿದ್ದ ಅಮೆರಿಕದ ನೆಲೆ. ನಾನು ಊಟದ ಹಾಲ್‌ನ, ಅಂದರೆ ಡಿಫ್ಯಾಕ್‌ನ, ಸ್ಟೋರ್‌ನಲ್ಲಿದ್ದೆ. ದಿನಕ್ಕೆ 12 ಗಂಟೆ, ವಾರಕ್ಕೆ ಏಳು ದಿನ ಕೆಲಸ. ಬೆಳಗಿನ ಜಾವ ರೀಫರ್ ಕಂಟೇನರ್‌ನಿಂದ, ಅಂದರೆ ಫ್ರಿಜ್ ಥರದ ಕಂಟೇನರ್‌ನಿಂದ, ಫ್ರೋಜನ್ ಕೋಳಿಯ ಪ್ಯಾಲೆಟ್ (ಪೆಟ್ಟಿಗೆ ಜೋಡಿಸಿದ ಹಲಗೆ) ಇಳಿಸುತ್ತಿದ್ದೆವು. ಕಂಟೇನರ್ ಒಳಗಿನ ನೆಲ ಪೂರ್ತಿ ಐಸ್ ಕಟ್ಟಿತ್ತು. ಪ್ಯಾಲೆಟ್ ಜಾಕ್, ಅಂದರೆ ಪ್ಯಾಲೆಟ್ ಎತ್ತುವ ಕೈಗಾಡಿ, ಎಳೆದಾಗ ಅದು ನಾನಿದ್ದ ಕಡೆಗೇ ಜಾರಿತು, ಹಿಡಿಯಲು ಬಲಗೈ ಚಾಚಿದೆ, ಅದು ಬಾಗಿಲ ಚೌಕಟ್ಟಿಗೂ ಪ್ಯಾಲೆಟ್‌ಗೂ ನಡುವೆ ಸಿಕ್ಕಿಕೊಂಡಿತು. ಆ ಕ್ಷಣ ನೋವೇ ಗೊತ್ತಾಗಲಿಲ್ಲ. ಚಳಿಗೆ ಕೈ ಮೊದಲೇ ಮರಗಟ್ಟಿತ್ತು. ಗ್ಲೌಸ್ ತೆಗೆಯಲು ಹೋದೆ, ಓಡಿಬಂದ ಮೆಡಿಕ್ ಬೇಡ ಅಂತ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡ. ಆಸ್ಪತ್ರೆಯಲ್ಲಿ ಕತ್ತರಿಯಿಂದ ಗ್ಲೌಸ್ ಸೀಳಿದಾಗ ತೋರುಬೆರಳಿನ ತುದಿ ಗ್ಲೌಸ್ ಒಳಗೇ ಉಳಿಯಿತು.

ಬೇಸ್ ಆಸ್ಪತ್ರೆಯವರು ಚೆನ್ನಾಗಿ ನೋಡಿಕೊಂಡರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತೋರುಬೆರಳು ಎರಡು ಗೆಣ್ಣು ಹೋಯಿತು. ಮಧ್ಯದ ಬೆರಳು ಒಂದು ಗೆಣ್ಣು. ಉಳಿದ ಕೈ ಉಳಿಯಿತು.

ಆರನೇ ದಿನ ನಮ್ಮ ಕಂಪನಿಯ ಕ್ಯಾಂಪ್ ಬಾಸ್ ಬಂದ. ಗಲ್ಫ್‌ನ ಒಂದು ಸಬ್‌ಕಾಂಟ್ರಾಕ್ಟ್ ಕಂಪನಿ ನಮ್ಮದು, ಹೆಸರು ಬರೆಯುವುದಿಲ್ಲ. ಕೈಯಲ್ಲಿ ಮೂರು ಹಾಳೆ ಇತ್ತು. "ಇನ್ಶೂರೆನ್ಸ್ ಎಲ್ಲಾ ಕಂಪನಿ ನೋಡ್ಕೊಳ್ಳುತ್ತೆ, ನೀನು ಇಲ್ಲಿ ಸಹಿ ಹಾಕು, ನಾಳಿದ್ದು ಫ್ಲೈಟ್" ಅಂದ. ಬಲಗೈಗೆ ಬ್ಯಾಂಡೇಜ್ ಇದ್ದದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ. ಅದರಲ್ಲಿ ಒಂದು ಹಾಳೆಯಲ್ಲಿ ನನಗೆ ಕಂಪನಿಯಿಂದ ಇನ್ನೇನೂ ಬರಬೇಕಾಗಿಲ್ಲ, ಮುಂದೆ ಏನೂ ಕೇಳುವುದಿಲ್ಲ ಅಂತ ಬರೆದಿತ್ತು. ಅದು ನನಗೆ ತಿಳಿದಿದ್ದು ಎಷ್ಟೋ ತಿಂಗಳ ಮೇಲೆ.

ಇಲ್ಲೇ ಒಂದು ಮಾತು ನೆನಪಿಟ್ಟುಕೊಳ್ಳಿ. ಆ ಥರ ಪರಿಹಾರ ಬಿಟ್ಟುಕೊಡುವ ಸಹಿಗೆ ಈ ಕಾನೂನಿನಲ್ಲಿ ಕಿಲುಬು ಕಾಸಿನ ಬೆಲೆಯೂ ಇಲ್ಲ. ಕೆಲಸಗಾರ ಒಪ್ಪಿ ಸಹಿ ಹಾಕಿದ್ದರೂ ಅಂಥ ಒಪ್ಪಂದ ಅಸಿಂಧು. ಹಾಗೆಯೇ ವಿಮೆಯ ಪ್ರೀಮಿಯಂ ಅಂತ ನಿಮ್ಮ ಸಂಬಳದಿಂದ ಒಂದು ಡಾಲರ್ ಕೂಡ ಹಿಡಿಯುವಂತಿಲ್ಲ, ಹಿಡಿದರೆ ಅದು ಅಪರಾಧ. ಸ್ಲಿಪ್‌ನಲ್ಲಿ "ಇನ್ಶೂರೆನ್ಸ್" ಅಂತ ಕಡಿತ ಕಂಡರೆ ಅದು ಯಾವ ಇನ್ಶೂರೆನ್ಸ್ ಅಂತ ಕೇಳಿ, ಸುಮ್ನೆ ಬಿಡಬೇಡಿ.

ನನ್ನನ್ನು ಉಳಿಸಿದ್ದು ಒಬ್ಬ ನೇಪಾಳಿ. ನಾವೆಲ್ಲ ಅವನನ್ನು ದಾಯಿ, ಅಂದರೆ ಅವರ ಭಾಷೆಯಲ್ಲಿ ಅಣ್ಣ, ಅಂತ ಕರೆಯುತ್ತಿದ್ದೆವು. ಹೊರಡುವ ಹಿಂದಿನ ರಾತ್ರಿ ನನ್ನ ಬ್ಯಾಗ್ ಕಟ್ಟಿಕೊಡಲು ಬಂದವನು ತನ್ನ ಫೋನ್‌ನಲ್ಲಿ ಒಂದು ಫೋಟೋ ತೋರಿಸಿದ. ಡಿಫ್ಯಾಕ್ ಹಿಂದಿನ ಗೋಡೆಯ ನೋಟಿಸ್ ಬೋರ್ಡ್. ವಾರದ ಮೆನು ಹಾಳೆ ಎತ್ತಿದರೆ ಅದರ ಅಡಿಯಲ್ಲಿ ಇಂಗ್ಲಿಷ್‌ನ ಒಂದು ನೋಟಿಸ್, ಅದರಲ್ಲಿ ವಿಮೆ ಕಂಪನಿಯ ಹೆಸರು, ವಿಳಾಸ, ಪಾಲಿಸಿ ಎಲ್ಲಾ ಇತ್ತು. ಕೆಲಸದ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಆ ನೋಟಿಸ್ ಹಚ್ಚಲೇಬೇಕು ಅಂತ ಕಾನೂನಿದೆ. ಹಚ್ಚಿದ್ದರು, ನಿಜ. ಅದರ ಮೇಲೆ ಮೆನು ಹಚ್ಚಿದ್ದರು. "2004ರಲ್ಲಿ ನಮ್ಮ 12 ಜನ ಸತ್ತರಲ್ಲ, ಅವರ ಮನೆಯವರಿಗೆ ಹಣ ಬಂದಿದ್ದು ಇದರಿಂದಲೇ" ಅಂದ ದಾಯಿ.

ಅದು ನಿಜ. ಜೋರ್ಡಾನ್‌ನಿಂದ ಇರಾಕ್‌ನ ಅಮೆರಿಕದ ನೆಲೆಯೊಂದಕ್ಕೆ ಕರೆದೊಯ್ಯುತ್ತಿದ್ದ 12 ನೇಪಾಳಿ ಹುಡುಗರನ್ನು 2004ರ ಆಗಸ್ಟ್‌ನಲ್ಲಿ ಅಪಹರಿಸಿ ಕೊಂದರು. ಕೆಲಸದ ಜಾಗವನ್ನು ಅವರು ಇನ್ನೂ ತಲುಪಿರಲೇ ಇಲ್ಲ. ಆದರೂ 2008ರಲ್ಲಿ ಅಮೆರಿಕದ ಲೇಬರ್ ಇಲಾಖೆಯ ನ್ಯಾಯಾಧೀಶರೊಬ್ಬರು ಡಿಬಿಎ ಕೆಳಗೆ ಕುಟುಂಬಗಳಿಗೆ ಪರಿಹಾರ ಕೊಡಬೇಕು ಅಂತ ಆದೇಶ ಮಾಡಿದರು. ನೇಪಾಳಿಗಳಿಗೆಲ್ಲ ಈ ವಿಮೆಯ ಹೆಸರು ಗೊತ್ತಾಗಿದ್ದು ಹಾಗೆ. ನಮ್ಮವರಿಗೆ ಗೊತ್ತಿರಲಿಲ್ಲ.

ಈಗ ವಿಮೆಯ ವಿಷಯಕ್ಕೆ ಬರುತ್ತೇನೆ.

ಕಾನೂನು ಹಳೆಯದು. 1940ರಲ್ಲಿ ಅಮೆರಿಕ ಬ್ರಿಟನ್‌ಗೆ ಹಡಗು ಕೊಟ್ಟು ಬದಲಿಗೆ ಬರ್ಮುಡಾ, ನ್ಯೂಫೌಂಡ್‌ಲ್ಯಾಂಡ್ ಮುಂತಾದ ಕಡೆ ನೆಲೆ ಕಟ್ಟಲು ಜಾಗ ಪಡೆಯಿತು. ಅಲ್ಲಿ ಕಟ್ಟಡ ಕಟ್ಟಲು ಹೋದ ಸಿವಿಲಿಯನ್ ಕೆಲಸಗಾರರಿಗೆ ಏಟು ಬಿದ್ದರೆ ಯಾರು ಹೊಣೆ ಅನ್ನೋ ಪ್ರಶ್ನೆ ಬಂತು. ಆಗ, 1941ರ ಆಗಸ್ಟ್‌ನಲ್ಲಿ, ಬಂದರು ಕೆಲಸಗಾರರಿಗೆ ಅಂತ 1927ರಲ್ಲೇ ಮಾಡಿದ್ದ ಲಾಂಗ್‌ಶೋರ್ ಕಾನೂನನ್ನು ಹೊರದೇಶದ ನೆಲೆಗಳಿಗೂ ವಿಸ್ತರಿಸಿದರು. ಹಾಗಾಗಿ ನಿಮ್ಮ ಕೇಸ್ ಅಫ್ಘಾನಿಸ್ತಾನದ್ದಾದರೂ ಫಾರಂಗಳ ಮೇಲೆ "ಎಲ್‌ಎಸ್" ಅಂತ ಇರುತ್ತದೆ. ಲಾಂಗ್‌ಶೋರ್ ಅಂತ ಅರ್ಥ. ನಾನು ಮೊದಲು ತಪ್ಪು ಫಾರಂ ಇಳಿಸಿಕೊಂಡೆನೇನೋ ಅಂತ ಎರಡು ದಿನ ತಲೆ ಕೆಡಿಸಿಕೊಂಡಿದ್ದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಅಂದರೆ ಕೆಲಸಗಾರ ಯಾವ ದೇಶದವನು ಅಂತ ಕಾನೂನು ಕೇಳುವುದಿಲ್ಲ. ಅಮೆರಿಕದವನೇ ಇರಲಿ, ಅಲ್ಲಿನ ಸ್ಥಳೀಯನೇ ಇರಲಿ, ನಮ್ಮ ಹಾಗೆ ಮೂರನೇ ದೇಶದಿಂದ ಬಂದವನೇ ಇರಲಿ, ನೆಲೆಯ ಮೇಲೆ ಅಥವಾ ಅಮೆರಿಕ ಸರ್ಕಾರದ ಕಾಂಟ್ರಾಕ್ಟ್ ಕೆಳಗೆ ಕೆಲಸ ಮಾಡುತ್ತಿದ್ದರೆ ಸಾಕು. ಸಬ್‌ಕಾಂಟ್ರಾಕ್ಟರ್ ಕೈಕೆಳಗಿದ್ದರೂ ಸರಿ. ವಿಮೆ ಮಾಡಿಸದೆ ಕೆಲಸಕ್ಕಿಟ್ಟುಕೊಂಡ ಕಂಪನಿಗೆ 10,000 ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು. ಕಂಪನಿಯ ಅಧ್ಯಕ್ಷ, ಖಜಾಂಚಿ ಸ್ವಂತ ಹೊಣೆ ಹೊರಬೇಕಾಗುತ್ತದೆ. ತಪ್ಪು ಯಾರದ್ದು ಅನ್ನೋ ವಾದವೂ ಇಲ್ಲ. ನಾನು ಅಜಾಗರೂಕನಾಗಿದ್ದೆ ಅಂತ ಹೇಳಿ ನನ್ನ ಕ್ಲೇಮ್ ತಳ್ಳಿಹಾಕುವ ಹಾಗಿಲ್ಲ. ಕುಡಿತವೊಂದೇ ಕಾರಣ ಅಂತಲೋ ಬೇಕೆಂದೇ ಗಾಯ ಮಾಡಿಕೊಂಡ ಅಂತಲೋ ಆದರೆ ಮಾತ್ರ ಇಲ್ಲ ಅನ್ನಬಹುದು.

ಕೆಲಸದ ಸಮಯ ಮುಗಿದ ಮೇಲೆ ಆದ ಗಾಯಕ್ಕೂ ಕೆಲವೊಮ್ಮೆ ಸಿಗುತ್ತದೆ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಒಬ್ಬ ಕಾಂಟ್ರಾಕ್ಟ್ ಕೆಲಸಗಾರ ಕಂಪನಿಯ ವಿಶ್ರಾಂತಿ ತಾಣದಲ್ಲಿದ್ದಾಗ, ಆಚೆ ಹವಳದ ದಿಬ್ಬದ ಮೇಲೆ ಸಿಕ್ಕಿಬಿದ್ದ ಇಬ್ಬರನ್ನು ಉಳಿಸಲು ನೀರಿಗೆ ಹಾರಿ ಮುಳುಗಿ ಸತ್ತ. ಅಲ್ಲಿ ಈಜಬಾರದು ಅಂತ ಬೋರ್ಡ್ ಇತ್ತು. ಆದರೂ 1951ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪರಿಹಾರ ಎತ್ತಿಹಿಡಿಯಿತು. ಕೆಲಸವೇ ಅವನನ್ನು ಅಂಥ ಅಪಾಯದ ಜಾಗಕ್ಕೆ ತಂದಿಟ್ಟಿತ್ತು, ಅಷ್ಟು ಸಾಕು ಅಂತ. ಕ್ಯಾಂಪ್ ಬಾತ್‌ರೂಮ್‌ನಲ್ಲಿ ಜಾರಿ ಬಿದ್ದವರು, ವಾಲಿಬಾಲ್ ಆಡುವಾಗ ಮೊಣಕಾಲು ಹೋದವರು ನನಗೆ ಗೊತ್ತು, ಕೇಳಲೇ ಇಲ್ಲ ಅವರು. ಕೇಳಬೇಕಿತ್ತು. ನಿದ್ದೆ ಬಾರದೆ, ಸೈರನ್ ಶಬ್ದಕ್ಕೆ ಎದೆ ಹೊಡೆದುಕೊಳ್ಳುವವರಿಗೂ ಇದರಲ್ಲಿ ಜಾಗವಿದೆ, ಮನಸ್ಸಿನ ಗಾಯವೂ ಗಾಯವೇ.

ಈ ಕಾನೂನಿಗೆ ನನ್ನ ಕಡೆಯಿಂದ ಐದರಲ್ಲಿ ನಾಲ್ಕು ಸ್ಟಾರ್. ಒಂದು ಯಾಕೆ ಕಳೆದೆ ಅಂತ ಮುಂದೆ ಹೇಳುತ್ತೇನೆ, ಅದು ಹೊಟ್ಟೆ ಉರಿಯುವ ವಿಷಯ.

ಸೇವೆ ಹೇಗಿತ್ತು ಅಂದರೆ, ಕಂಪನಿಯಿಂದ ಶುರು ಮಾಡಬೇಕು. ಅಪಘಾತದ ವಿಷಯ ಗೊತ್ತಾದ 10 ದಿನದೊಳಗೆ ಕಂಪನಿ ಎಲ್‌ಎಸ್-202 ಅನ್ನೋ ವರದಿಯನ್ನು ಲೇಬರ್ ಇಲಾಖೆಗೆ ಕಳಿಸಬೇಕು. ನನ್ನದು ಹೋಗಲೇ ಇಲ್ಲ. ಮನೆಗೆ ಬಂದು ಏಳು ವಾರ ಕಾದೆ. ಫೋನ್ ಮಾಡಿದರೆ "ಪ್ರೊಸೆಸ್‌ನಲ್ಲಿದೆ" ಅನ್ನೋ ಒಂದೇ ಉತ್ತರ. ಆಮೇಲೆ ದಾಯಿ ಕೊಟ್ಟ ಫೋಟೋ ನೋಡಿ ನೇರವಾಗಿ ವಿಮೆ ಕಂಪನಿಗೇ ಇಮೇಲ್ ಮಾಡಿದೆ, ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ. ಜೊತೆಗೆ ಎಲ್‌ಎಸ್-203, ಅಂದರೆ ಕೆಲಸಗಾರನೇ ಹಾಕುವ ಕ್ಲೇಮ್ ಫಾರಂ, ತುಂಬಿ ಲೇಬರ್ ಇಲಾಖೆಗೆ ಕಳಿಸಿದೆ. ಎರಡು ಹಾಳೆ ಅಷ್ಟೇ. ಯಾರೂ ಹೆದರಬೇಕಾಗಿಲ್ಲ. ವಕೀಲರು ಬೇಡ, ಶುಲ್ಕ ಇಲ್ಲ, ಯಾವ ದೇಶದಿಂದಲಾದರೂ ಕಳಿಸಬಹುದು. ಈಗಂತೂ ಸೀಪೋರ್ಟಲ್ ಅನ್ನೋ ಆನ್‌ಲೈನ್ ವ್ಯವಸ್ಥೆಯೇ ಇದೆ, ಪೇಪರ್ ಸ್ಕ್ಯಾನ್ ಮಾಡಿ ಹಾಕಿದರಾಯಿತು.

ಗಡುವು ಮಾತ್ರ ಮರೆಯಬೇಡಿ. ಗಾಯವಾದ 30 ದಿನದೊಳಗೆ ಕಂಪನಿಗೆ ಬರಹದಲ್ಲಿ ತಿಳಿಸಬೇಕು, ಬಾಯಿಮಾತು ಸಾಕು ಅಂದುಕೊಳ್ಳಬೇಡಿ. ಕ್ಲೇಮ್ ಹಾಕಲು ಒಂದು ವರ್ಷ. ವಿಮೆಯವರು ತಾವಾಗಿಯೇ ಹಣ ಕೊಡುತ್ತಿದ್ದರೆ ಕೊನೆಯ ಕಂತು ಬಂದ ದಿನದಿಂದ ಒಂದು ವರ್ಷ. ಕೆಲಸದಿಂದ ಬಂದ ಕಾಯಿಲೆಯಾದರೆ ಎರಡು ವರ್ಷ. ಕಂಪನಿ ತನ್ನ ವರದಿ ಕಳಿಸದೆ ಕೂತಿದ್ದರೆ ಆ ಒಂದು ವರ್ಷದ ಎಣಿಕೆಯೇ ಶುರುವಾಗುವುದಿಲ್ಲ. ತಡವಾಯಿತು, ಇನ್ನು ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಿ ಕೈಬಿಡುವ ಮೊದಲು ಇದನ್ನು ನೋಡಿ.

ನಾನು ಇಮೇಲ್ ಮಾಡಿದ ಎರಡನೇ ವಾರಕ್ಕೆ ಅಡ್ಜಸ್ಟರ್‌ನಿಂದ, ಅಂದರೆ ಕ್ಲೇಮ್ ನೋಡಿಕೊಳ್ಳುವ ವಿಮೆ ಕಂಪನಿಯ ನೌಕರನಿಂದ, ಉತ್ತರ ಬಂತು. ಮಾತು ಮೃದು, ಕೆಲಸ ನಿಧಾನ. ಒಟ್ಟು ಹನ್ನೊಂದು ವಾರದ ನಂತರ ಮೊದಲ ಹಣ ಬಂತು. ಕಂಪನಿಗೆ ವಿಷಯ ಗೊತ್ತಾದ 14ನೇ ದಿನಕ್ಕೆ ಮೊದಲ ಕಂತು ಕೊಡಬೇಕು ಅನ್ನೋದು ನಿಯಮ. ಅದಾದ ಮೇಲೆ ಇನ್ನೂ 14 ದಿನ ಕಳೆದರೂ ಕೊಡದೆ, ತಕರಾರಿನ ನೋಟಿಸೂ ಹಾಕದೆ ಇದ್ದರೆ ಆ ಕಂತಿನ ಮೇಲೆ ಶೇಕಡಾ 10 ಜಾಸ್ತಿ ಸೇರಿಸಿ ಕೊಡಬೇಕು. ಅವರಾಗೇ ಸೇರಿಸಲಿಲ್ಲ. ಕೇಳಿದ ಮೇಲೆ ಸೇರಿಸಿದರು.

ಇನ್ನು ಲೆಕ್ಕ. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಹಣ ಕಳೆದುಹೋಗುವುದು ಇಲ್ಲೇ.

ಕೆಲಸ ಮಾಡಲಾಗದ ದಿನಗಳಿಗೆ ನಿಮ್ಮ ವಾರದ ಸರಾಸರಿ ಸಂಬಳದ ಮೂರರಲ್ಲಿ ಎರಡು ಪಾಲು ಸಿಗುತ್ತದೆ. ಮೇಲ್ಮಿತಿ ಅಂತ ಒಂದಿದೆ, ಅದು ಪ್ರತಿ ಅಕ್ಟೋಬರ್ 1ಕ್ಕೆ ಬದಲಾಗುತ್ತದೆ, ಆದರೆ ನಮ್ಮಂಥವರ ಸಂಬಳ ಅದರ ಹತ್ತಿರವೂ ಹೋಗುವುದಿಲ್ಲ. ಬಂದರು ಕೆಲಸಗಾರರಿಗೆ ಕನಿಷ್ಠ ಇಷ್ಟು ಅಂತ ಕೆಳಮಿತಿಯೂ ಇದೆ. ಡಿಬಿಎಯಲ್ಲಿ ಆ ಕೆಳಮಿತಿ ಇಲ್ಲ, ತೆಗೆದುಹಾಕಿದ್ದಾರೆ. ಹಾಗಾಗಿ ಸಂಬಳ ಎಷ್ಟು ಅಂತ ತೋರಿಸುತ್ತೀರೋ ಅದೇ ಎಲ್ಲ.

ನನ್ನ ಕಾಂಟ್ರಾಕ್ಟ್‌ನಲ್ಲಿ ಮೂಲ ಸಂಬಳ ತಿಂಗಳಿಗೆ 600 ಡಾಲರ್ ಅಂತಿತ್ತು. ಓವರ್‌ಟೈಮ್ ಸೇರಿ ಕೈಗೆ ಬರುತ್ತಿದ್ದದ್ದು 800. ವಿಮೆಯವರು 600 ಹಿಡಿದರು. 600ನ್ನು 12ರಿಂದ ಗುಣಿಸಿ 52ರಿಂದ ಭಾಗಿಸಿದರೆ ವಾರಕ್ಕೆ 138 ಡಾಲರ್ 46 ಸೆಂಟ್, ಅದರ ಮೂರನೇ ಎರಡು 92 ಡಾಲರ್ 31 ಸೆಂಟ್. 800 ಹಿಡಿದರೆ 123 ಡಾಲರ್ 8 ಸೆಂಟ್. ವಾರಕ್ಕೆ 30 ಡಾಲರ್ ಮೇಲೆ ವ್ಯತ್ಯಾಸ. ಓವರ್‌ಟೈಮ್ ಸಂಬಳದಲ್ಲಿ ಸೇರುತ್ತದೆ, ಅದರಲ್ಲಿ ಅನುಮಾನವೇ ಬೇಡ. ಆದರೆ ತೋರಿಸಲು ಸ್ಲಿಪ್ ಬೇಕಲ್ವಾ? ನನ್ನ ಹತ್ತಿರ ಇದ್ದದ್ದು ನಾಲ್ಕೇ ಸ್ಲಿಪ್. ಉಳಿದದ್ದಕ್ಕೆ ಮನೆಗೆ ಹಣ ಕಳಿಸಿದ ರಸೀದಿ ಮತ್ತು ಬ್ಯಾಂಕ್ ಪಾಸ್‌ಬುಕ್ ಕೊಟ್ಟೆ. ಈಗ ಕ್ಯಾಂಪ್‌ನಲ್ಲಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಇವತ್ತೇ ಎಲ್ಲಾ ಸ್ಲಿಪ್‌ಗಳ ಫೋಟೋ ತೆಗೆದು ಮನೆಯವರಿಗೆ ಕಳಿಸಿಡಿ. ಕಾಂಟ್ರಾಕ್ಟ್, ಬ್ಯಾಡ್ಜ್, ಟೈಮ್‌ಶೀಟ್ ಕೂಡ.

ಗಾಯ ಮಾಗಿ ಇನ್ನು ಇದಕ್ಕಿಂತ ಸರಿಯಾಗುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ ಎರಡನೇ ಲೆಕ್ಕ ಶುರು. ಕಾನೂನಿನಲ್ಲಿ ಒಂದು ಪಟ್ಟಿ ಇದೆ. ತೋಳಿಗೆ 312 ವಾರ, ಕಾಲಿಗೆ 288, ಕೈಗೆ 244, ಪಾದಕ್ಕೆ 205, ಕಣ್ಣಿಗೆ 160, ಹೆಬ್ಬೆರಳಿಗೆ 75, ತೋರುಬೆರಳಿಗೆ 46, ಮಧ್ಯದ ಬೆರಳಿಗೆ 30, ಉಂಗುರ ಬೆರಳಿಗೆ 25, ಕಿರುಬೆರಳಿಗೆ 15. ಎರಡೂ ಕಿವಿ ಪೂರ್ತಿ ಕೇಳದೆ ಹೋದರೆ 200 ವಾರ, ಜನರೇಟರ್ ಪಕ್ಕ ವರ್ಷಗಟ್ಟಲೆ ಮಲಗಿದವರು ಇದನ್ನು ಗಮನಿಸಿ. ಮೊದಲ ಸಲ ಆ ಪಟ್ಟಿ ಓದಿದಾಗ ನನ್ನ ಮೈ ಜುಮ್ಮೆಂದಿತು. ನನ್ನ ದೇಹವನ್ನು ಯಾರೋ ತುಂಡು ತುಂಡು ಮಾಡಿ ಬೆಲೆ ಬರೆದಿಟ್ಟ ಹಾಗೆ. ಆದರೆ ಪಟ್ಟಿ ಇರುವುದೇ ಒಳ್ಳೆಯದು. ಇಷ್ಟು ಅಂತ ಬರೆದಿರುವುದನ್ನು ಯಾರೂ ಚೌಕಾಸಿ ಮಾಡಿ ಇಳಿಸಲಾಗುವುದಿಲ್ಲ.

ಒಂದಕ್ಕಿಂತ ಹೆಚ್ಚು ಗೆಣ್ಣು ಹೋದರೆ ಇಡೀ ಬೆರಳು ಹೋದಂತೆ ಲೆಕ್ಕ. ಒಂದು ಗೆಣ್ಣು ಹೋದರೆ ಅರ್ಧ. ಆ ಪ್ರಕಾರ ನನ್ನದು 46 ಮತ್ತು 15, ಕೂಡಿದರೆ 61 ವಾರ. ವಿಮೆಯವರು 61ನ್ನು 92 ಡಾಲರ್ 31 ಸೆಂಟ್‌ನಿಂದ ಗುಣಿಸಿ, ಚಿಲ್ಲರೆ ಬಿಟ್ಟು 5,600 ಡಾಲರ್ ಕೊಡುತ್ತೇವೆ ಅಂದರು. ಇಮೇಲ್‌ನಲ್ಲಿ ಕೊನೆಗೊಂದು ಸಾಲು ಇತ್ತು: ಮುಂದಿನ ವೈದ್ಯಕೀಯ ಖರ್ಚೂ ಇದರಲ್ಲೇ ಸೇರಿದೆ, ಫುಲ್ ಅಂಡ್ ಫೈನಲ್.

ನನ್ನ ಹೆಂಡತಿ ಆ ಸಾಲನ್ನು ಎರಡು ಸಲ ಓದಿಸಿದಳು. "ಮುಂದೆ ಕೈ ನೋವಾದರೆ ಯಾರು ನೋಡ್ತಾರ್ರೀ?" ಅಂದಳು. ಅಷ್ಟು ಹೊತ್ತಿಗೆ ಸಾಲ ಇತ್ತು, ಕೆಲಸ ಇರಲಿಲ್ಲ, ನಾನು ಸಹಿ ಹಾಕುವುದಕ್ಕೇ ಕೂತಿದ್ದೆ. ಅವಳು ಕೇಳದೇ ಇದ್ದಿದ್ದರೆ ಹಾಕಿಬಿಡುತ್ತಿದ್ದೆ. ಗಾಯಕ್ಕೆ ಸಂಬಂಧಿಸಿದ ಚಿಕಿತ್ಸೆಗೆ ಈ ಕಾನೂನಿನಲ್ಲಿ ಕಾಲಮಿತಿಯೇ ಇಲ್ಲ. ಬೇಕಾದಷ್ಟು ವರ್ಷ ಕೊಡಬೇಕು. ಡಾಕ್ಟರನ್ನು ಆರಿಸಿಕೊಳ್ಳುವ ಹಕ್ಕು ನಮ್ಮದು, ಆಸ್ಪತ್ರೆಗೆ ಹೋಗಿಬರುವ ಖರ್ಚೂ ಅವರದ್ದು. ಅಷ್ಟನ್ನೂ ಒಂದೇ ಸಹಿಯಲ್ಲಿ ಬಿಟ್ಟುಕೊಡುವ ಸೆಟಲ್‌ಮೆಂಟ್ ಅದು. ಒಂದು ರಕ್ಷಣೆ ಇದೆ, ಇಂಥ ಸೆಟಲ್‌ಮೆಂಟ್ ಲೇಬರ್ ಇಲಾಖೆಯ ಡಿಸ್ಟ್ರಿಕ್ಟ್ ಡೈರೆಕ್ಟರ್ ಅಥವಾ ನ್ಯಾಯಾಧೀಶರು ಒಪ್ಪದೆ ಜಾರಿಗೆ ಬರುವುದಿಲ್ಲ. ಆದರೂ ನೀವೇ ಬೇಕು ಅಂತ ಸಹಿ ಹಾಕಿ ಕಳಿಸಿದ ಮೇಲೆ ಅವರು ತಾನೇ ಎಷ್ಟು ತಡೆಯುತ್ತಾರೆ?

ಇಲ್ಲ ಅಂದೆವು. ಮೂರೇ ವಾರದಲ್ಲಿ ಎಲ್‌ಎಸ್-207 ಬಂತು, ತಕರಾರಿನ ನೋಟಿಸ್. ಅದು ಬಂದ ಮೇಲೆ ವಕೀಲರನ್ನು ಹುಡುಕಿದೆ. ಅದಕ್ಕೂ ಮೊದಲು ಊರಿನ ಕಡೆಯ ಒಬ್ಬ ಏಜೆಂಟ್ ಬಂದು, ಬಂದ ಹಣದಲ್ಲಿ ಮೂರನೇ ಒಂದು ಪಾಲು ಕೊಟ್ಟರೆ ಎಲ್ಲಾ ಮಾಡಿಸಿಕೊಡುತ್ತೇನೆ ಅಂದಿದ್ದ. ಯಾರೂ ಇಂಥವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಈ ಕಾನೂನಿನ ಕೆಳಗೆ ವಕೀಲರೇ ಆಗಲಿ, ಮತ್ತೊಬ್ಬರೇ ಆಗಲಿ, ಇಲಾಖೆಯೋ ನ್ಯಾಯಾಧೀಶರೋ ಒಪ್ಪದೆ ಕ್ಲೇಮ್‌ಗೆ ಅಂತ ಒಂದು ಪೈಸೆ ಫೀಸು ತೆಗೆದುಕೊಂಡರೂ ಅಪರಾಧ. ವಿಮೆಯವರು ಕೊಡುವುದಿಲ್ಲ ಅಂದು, ವಕೀಲರು ಗೆದ್ದುಕೊಟ್ಟರೆ ಸಾಮಾನ್ಯವಾಗಿ ಅವರ ಫೀಸನ್ನೂ ವಿಮೆಯವರೇ ಕೊಡಬೇಕು. ನನ್ನ ವಕೀಲರು ಅಮೆರಿಕದವರು. ಮೂರು ವರ್ಷದಲ್ಲಿ ಒಂದು ಸಲವೂ ಮುಖ ನೋಡಿಲ್ಲ, ನನ್ನ ಕೈಯಿಂದ ಒಂದು ಡಾಲರ್ ತೆಗೆದುಕೊಂಡಿಲ್ಲ. ಅವರಿಗೆ ಐದಕ್ಕೆ ಐದು.

ಅವರು ಮಾಡಿದ ಮೊದಲ ಕೆಲಸ ನಾನು ಕಣ್ಣಾಡಿಸಿ ದಾಟಿಹೋಗಿದ್ದ ಒಂದು ಸಾಲನ್ನು ತೋರಿಸಿದ್ದು. ಒಂದೇ ಕೈಯ ಎರಡು ಅಥವಾ ಹೆಚ್ಚು ಬೆರಳಿಗೆ ಪೆಟ್ಟಾದರೆ, ಬೆರಳಿನ ಲೆಕ್ಕದ ಬದಲು ಇಡೀ ಕೈ ಎಷ್ಟು ಪಾಲು ಉಪಯೋಗ ಕಳೆದುಕೊಂಡಿದೆ ಅಂತ ನೋಡಿ, 244 ವಾರದಲ್ಲಿ ಅಷ್ಟು ಪಾಲು ಕೊಡಬಹುದು. ನನಗೆ ಬಟನ್ ಹಾಕಲು ಆಗುತ್ತಿರಲಿಲ್ಲ. ಬೀಗದ ಕೀ ತಿರುಗಿಸಲು ಆಗುತ್ತಿರಲಿಲ್ಲ. ಬಕೆಟ್ ಎತ್ತಿದರೆ ಬೆರಳ ಮೋಟು ಕರೆಂಟ್ ಹೊಡೆದ ಹಾಗೆ ಆಗುತ್ತಿತ್ತು. ಕೈಯೇ ಬಳಕೆಗೆ ಬಾರದಿರುವಾಗ ಬರೀ ಬೆರಳು ಎಣಿಸಿದರೆ ಹೇಗೆ?

ವಿಮೆಯವರು ತಮ್ಮ ಡಾಕ್ಟರ ಹತ್ತಿರ ಕಳಿಸಿದರು. ಅದಕ್ಕೆ ಹೋಗಲೇಬೇಕು, ಸರಿಯಾದ ಕಾರಣ ಇಲ್ಲದೆ ತಪ್ಪಿಸಿಕೊಂಡರೆ ಹಣ ನಿಲ್ಲಿಸಬಹುದು. ಆ ಡಾಕ್ಟರು ಐದು ನಿಮಿಷ ನೋಡಿ ಶೇಕಡಾ 25 ಅಂತ ಬರೆದರು. 244ರಲ್ಲಿ ಶೇಕಡಾ 25 ಅಂದರೆ ಸರಿಯಾಗಿ 61 ವಾರ, ಮತ್ತೆ ಅಲ್ಲಿಗೇ ಬಂತು! ನನ್ನ ಡಾಕ್ಟರು, ಫಿಸಿಯೋಥೆರಪಿ ಮಾಡಿಸುವ ಅಮ್ಮನವರು ಇಬ್ಬರೂ ಸೇರಿ ಹಿಡಿತದ ಬಲ ಅಳೆದು, ನರದ ನೋವು, ಗೆಣ್ಣಿನ ಬಿಗಿತ ಎಲ್ಲಾ ಬರೆದು 35 ಕೊಟ್ಟರು. 35 ಅಂದರೆ 85 ವಾರ ಮತ್ತು ಸ್ವಲ್ಪ. ಆ ಫಿಸಿಯೋ ಅಮ್ಮ ನನ್ನ ಕೈಗೆ ಬೇರೆ ಬೇರೆ ತೂಕದ ಡಬ್ಬಿ ಕೊಟ್ಟು ಎಷ್ಟು ಸೆಕೆಂಡಿಗೆ ಜಾರುತ್ತದೆ ಅಂತ ಗಡಿಯಾರ ಹಿಡಿದು ಬರೆದುಕೊಂಡಿದ್ದರು. ಆ ಒಂದು ಪುಟವೇ ನನ್ನ ಕೇಸ್ ನಿಲ್ಲಿಸಿತು.

ಲೇಬರ್ ಇಲಾಖೆಯ ಕ್ಲೇಮ್ಸ್ ಎಕ್ಸಾಮಿನರ್ ಫೋನ್‌ನಲ್ಲೇ ಮಾತುಕತೆ ಇಟ್ಟರು, ಇನ್‌ಫಾರ್ಮಲ್ ಕಾನ್ಫರೆನ್ಸ್ ಅಂತಾರೆ. ನಮ್ಮಲ್ಲಿ ಆಗ ರಾತ್ರಿ ಎಂಟೂವರೆ. ನನ್ನ ಇಂಗ್ಲಿಷ್ ನಿಧಾನ ಅಂತ ಗೊತ್ತಾಗಿ ಆಕೆ ಪ್ರತಿ ಪ್ರಶ್ನೆಯನ್ನೂ ಬಿಡಿಸಿ ಕೇಳಿದರು. ಅಡ್ಜಸ್ಟರ್ ಮಧ್ಯೆ ಬಾಯಿ ಹಾಕಿದಾಗ "ಅವರು ಮುಗಿಸಲಿ" ಅಂದರು. ಅದೊಂದು ಮಾತಿಗೆ ನನಗೆ ಕಣ್ಣಲ್ಲಿ ನೀರು ಬಂತು. ಒಂದೂವರೆ ವರ್ಷದಲ್ಲಿ ನನ್ನ ಮಾತು ಮುಗಿಯಲಿ ಅಂದವರು ಅವರೊಬ್ಬರೇ. ಅವರು ಓವರ್‌ಟೈಮ್ ಸೇರಿಸಿ, ಶೇಕಡಾ 35 ಹಿಡಿದು ಕೊಡಿ ಅಂತ ಶಿಫಾರಸು ಬರೆದರು. ಅವರ ಶಿಫಾರಸನ್ನು ವಿಮೆಯವರು ಒಪ್ಪಲೇಬೇಕು ಅಂತಿಲ್ಲ, ಇದು ವ್ಯವಸ್ಥೆಯ ದೊಡ್ಡ ಕೊರತೆ. ಒಪ್ಪದಿದ್ದರೆ ಕೇಸ್ ನ್ಯಾಯಾಧೀಶರ ಹತ್ತಿರ ಹೋಗುತ್ತದೆ. ನಮ್ಮದೂ ಹೋಯಿತು, ಇನ್ನೊಂದು ವರ್ಷ ಹಿಡಿಯಿತು, ವಿಚಾರಣೆಗೆ ಸ್ವಲ್ಪ ದಿನ ಇರುವಾಗ ವಿಮೆಯವರು ಅದೇ ಅಂಕಿಗೆ ಒಪ್ಪಿಕೊಂಡರು. ಮೊದಲೇ ಒಪ್ಪಬಹುದಿತ್ತಲ್ವಾ?

85.4 ವಾರ, ವಾರಕ್ಕೆ 123 ಡಾಲರ್ 8 ಸೆಂಟ್. 10,511 ಡಾಲರ್. ಜೊತೆಗೆ ಕೆಲಸ ಮಾಡಲಾಗದ ಮೊದಲ 22 ವಾರಕ್ಕೆ ಕಡಿಮೆ ಕೊಟ್ಟಿದ್ದರ ಬಾಕಿ 676 ಡಾಲರ್ ಚಿಲ್ಲರೆ. ಚಿಕಿತ್ಸೆ ತೆರೆದೇ ಇದೆ. 5,600ಕ್ಕೆ ಸಹಿ ಹಾಕಿದ್ದರೆ ಇದ್ಯಾವುದೂ ಇಲ್ಲ. ಆದೇಶವಾದ ಮೇಲೆ 10 ದಿನದೊಳಗೆ ಕೊಡದಿದ್ದರೆ ಶೇಕಡಾ 20 ಜಾಸ್ತಿ ಕೊಡಬೇಕು, ಹಾಗಾಗಿ ಒಂಬತ್ತನೇ ದಿನಕ್ಕೇ ಬ್ಯಾಂಕಿಗೆ ಬಂತು. ವಿಮೆ ಕಂಪನಿಗೆ ನಾನು ಎರಡು ಸ್ಟಾರ್ ಕೊಡುತ್ತೇನೆ, ಅದೂ ಔಷಧದ ಬಿಲ್‌ಗಳನ್ನು ನಿಲ್ಲಿಸದೆ ಕೊಟ್ಟಿದ್ದಕ್ಕೆ. ನನ್ನನ್ನು ಕೆಲಸಕ್ಕಿಟ್ಟುಕೊಂಡ ಕಂಪನಿಗೆ ಏನೂ ಇಲ್ಲ.

ಈಗ ಕಳೆದ ಆ ಒಂದು ಸ್ಟಾರ್. ಕೆಲವು ಬಗೆಯ ಶಾಶ್ವತ ಅಂಗವೈಕಲ್ಯಕ್ಕೂ ಸಾವಿಗೂ ಅಮೆರಿಕದವರಿಗೆ ಎಷ್ಟೋ ಅಷ್ಟೇ ಹಣ ನಮಗೂ ಅಂತ ಕಾನೂನು ಮೊದಲು ಹೇಳುತ್ತದೆ. ಅದೇ ವಾಕ್ಯದ ಮುಂದೆ, ಅಮೆರಿಕದಲ್ಲೋ ಕೆನಡಾದಲ್ಲೋ ವಾಸವಿಲ್ಲದ ಪರದೇಶಿಯಾದರೆ, ವಿಮೆ ಕಂಪನಿ ಅರ್ಜಿ ಹಾಕಿದರೆ ಸಾಕು, ಮುಂದೆ ಬರಬೇಕಾದ ಕಂತುಗಳನ್ನೆಲ್ಲ ಒಟ್ಟುಗೂಡಿಸಿ ಅದರ ಅರ್ಧ ಕೊಟ್ಟು ಮುಗಿಸಬಹುದು ಅಂತಿದೆ. ಅರ್ಧ! ಸತ್ತವನ ಹೆಂಡತಿಗೆ ಅವನ ಸಂಬಳದ ಅರ್ಧ, ಮಕ್ಕಳಿದ್ದರೆ ಮೂರರಲ್ಲಿ ಎರಡು ಪಾಲು, ಹೆಂಡತಿಗೆ ಮತ್ತೆ ಮದುವೆಯಾಗುವವರೆಗೆ ಅಥವಾ ಜೀವ ಇರುವವರೆಗೆ. ಅಂತ್ಯಕ್ರಿಯೆಗೆ 3,000 ಡಾಲರ್‌ವರೆಗೆ. ಇದೆಲ್ಲ ಸರಿಯಾಗೇ ಇದೆ. ಆದರೆ ಅವಳು ಬೇರೆ ದೇಶದಲ್ಲಿ ಇದ್ದಾಳೆ ಅನ್ನೋ ಒಂದೇ ಕಾರಣಕ್ಕೆ ಮುಂದಿನದ್ದರಲ್ಲಿ ಅರ್ಧ ಕತ್ತರಿಸಿ ಹೋಗುತ್ತದೆ. ರಾಕೆಟ್ ಬಿದ್ದು ಸತ್ತರೆ ವಿಮೆಯವರು ಕೊಟ್ಟ ಹಣ 1942ರ ವಾರ್ ಹಜಾರ್ಡ್ಸ್ ಕಾನೂನಿನ ಪ್ರಕಾರ ಅಮೆರಿಕ ಸರ್ಕಾರದಿಂದ ಅವರಿಗೆ ವಾಪಸ್ ಬರುತ್ತದೆ. ವಿಧವೆಯ ಕೈತಪ್ಪಿದ ಅರ್ಧ ಯಾರಿಂದಲೂ ವಾಪಸ್ ಬರುವುದಿಲ್ಲ. 2009ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯೊಂದರ ಮುಂದೆ ಡಿಬಿಎ ವಿಮೆಯ ಕುಂದುಕೊರತೆಗಳ ಬಗ್ಗೆ ವಿಚಾರಣೆಯೇ ನಡೆಯಿತು. ಅರ್ಧದ ಆ ಸಾಲು ಈಗಲೂ ಕಾನೂನಿನಲ್ಲಿ ಹಾಗೇ ಇದೆ. ನನ್ನ ಕೇಸ್ ಎಳೆದು ಎಳೆದು ಮುಗಿಯುವ ಹೊತ್ತಿಗೆ ನನ್ನ 85 ವಾರ ಪೂರ್ತಿ ಕಳೆದುಹೋಗಿತ್ತು, "ಮುಂದಿನ ಕಂತು" ಅನ್ನೋದೇ ಉಳಿದಿರಲಿಲ್ಲ, ನನಗೆ ಪೂರ್ತಿ ಸಿಕ್ಕಿತು.

ಕ್ಲೇಮ್ ಹಾಕಿದರೆ ಮತ್ತೆ ಯಾರೂ ಕೆಲಸ ಕೊಡುವುದಿಲ್ಲ ಅಂತ ಹೆದರುವವರು ತುಂಬಾ ಜನ. ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದು, ಭೇದ ಮಾಡುವುದು ಕಾನೂನಿಗೆ ವಿರುದ್ಧ. ಹಾಗಂತ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ, ನಮ್ಮ ಕಾಂಟ್ರಾಕ್ಟ್ ಆರು ತಿಂಗಳದ್ದು, ವರ್ಷದ್ದು, ಮುಂದುವರಿಸದೇ ಇದ್ದರೆ ಯಾಕೆ ಅಂತ ಸಾಬೀತು ಮಾಡುವುದು ಕಷ್ಟ. ಆದರೆ ಬೆರಳು ಹೋದ ಕೈಗೆ ಅವರು ಮೊದಲೇ ಮನೆಯ ಟಿಕೆಟ್ ಕೊಟ್ಟಾಗಿತ್ತು.

ಹೋದ ತಿಂಗಳು ಚಳಿ ಜಾಸ್ತಿಯಾಗಿ ಮೋಟು ಬೆರಳಿನ ನೋವು ಮತ್ತೆ ಶುರುವಾಯಿತು. ಡಾಕ್ಟರು ನರದ ನೋವಿನ ಮಾತ್ರೆ ಬರೆದುಕೊಟ್ಟರು. ಚೀಟಿ ಸ್ಕ್ಯಾನ್ ಮಾಡಿ, ಕೇಸ್ ನಂಬರ್ ಹಾಕಿ ಕಳಿಸಿದೆ. ಮೂರು ಇಮೇಲ್ ಆದ ಮೇಲೆ ಒಪ್ಪಿಗೆ ಬಂತು. ಅಡ್ಜಸ್ಟರ್ ಬೇರೆಯವರು ಈಗ, ಹೊಸ ಹುಡುಗಿ. ಗಾಯ ಹೇಗಾಯಿತು ಅಂತ ಮತ್ತೆ ಮೊದಲಿನಿಂದ ಕೇಳಿದಳು. ರೀಫರ್ ಕಂಟೇನರ್, ಐಸ್, ಪ್ಯಾಲೆಟ್ ಜಾಕ್ ಅಂತ ಮತ್ತೆ ಮೊದಲಿನಿಂದ ಬರೆದು ಕಳಿಸಿದೆ.